ಜ್ವರಕ್ಕೆ ಹೋದ ಮೀಸೆ

ಗೆಳೆಯರೇ, ಇವತ್ತು ಆಫೀಸಿನಲ್ಲಿ ಒಬ್ಬನ ಸುಳ್ಳು ರಜೆ ಹಿಡಿದೆ. ಹಿಡಿಯಬಾರದಿತ್ತು.

ಬಿ.ಸಿ.ರೋಡಿನ ಒಂದು ಪಂಪ್‌ಸೆಟ್ ಏಜೆನ್ಸಿಗೆ ನಾನು ಮ್ಯಾನೇಜರ್. ನಮ್ಮ ಗೋಡೌನ್ ನೋಡಿಕೊಳ್ಳುವ ಜಯಂತ ಎರಡು ದಿನ ಜ್ವರವೆಂದು ರಜೆ ಹಾಕಿ, ಇವತ್ತು ಬೆಳಿಗ್ಗೆ ತನ್ನ ಊರು ಲಾಯಿಲದಿಂದ ಬಂದ. ಕೈಯಲ್ಲಿ ಡಾಕ್ಟರ ಚೀಟಿ ಇತ್ತು. ಮುಖದಲ್ಲಿ ಮೀಸೆ ಇರಲಿಲ್ಲ.

“ಜ್ವರಕ್ಕೆ ಮೀಸೆ ತೆಗೆಯುವ ಡಾಕ್ಟ್ರು ಎಲ್ಲಿದ್ದಾರೆ ಮಾರಾಯ?” ಎಂದು ಎಲ್ಲರ ಎದುರೇ ಕೇಳಿದೆ. ಒಂದಿಬ್ಬರು ನಕ್ಕರು.

ಜಯಂತ ನಗಲಿಲ್ಲ. “ಸೋದರಮಾವ ತೀರಿಹೋಗಿದ್ರು, ಅವರ ಬೊಜ್ಜ ಇತ್ತು ಸರ್. ಉತ್ತರಕ್ರಿಯೆಗೆ ಅಳಿಯ ನಾನೇ ಮೀಸೆ ತೆಗೆದು ಕೂತ್ಕೊಳ್ಬೇಕಿತ್ತು.”

“ಹಾಗಂತ ಹೇಳ್ಬಹುದಿತ್ತಲ್ಲ?”

“ಗೋಡೆಯ ರಜೆ ಪಟ್ಟಿಯಲ್ಲಿ ಮಾವ ಇಲ್ಲ ಸರ್. ನನ್ನನ್ನು ಸಾಕಿದ್ದು ಅವರೇ. ಅಪ್ಪ ತೀರಿಹೋದ್ರು ಅಂತ ಬರೆಯುವ ಅಂತ ಇದ್ದೆ. ಅಪ್ಪ ಬದುಕಿದ್ದಾರಲ್ಲ, ಮನಸ್ಸು ಬರ್ಲಿಲ್ಲ.”

ಸುಳ್ಳು ರಜೆ ಹೆಚ್ಚಾಯಿತೆಂದು ಆ ಪಟ್ಟಿ ಬರೆದು ಅಂಟಿಸಿದವನು ನಾನೇ. ಸಾವಿನ ರಜೆ ತಂದೆ, ತಾಯಿ, ಹೆಂಡತಿ, ಮಕ್ಕಳು ತೀರಿಕೊಂಡರೆ ಮಾತ್ರ.

ಮಧ್ಯಾಹ್ನ ಅದರ ಕೆಳಗೆ ಪೆನ್ನಿನಲ್ಲಿ ‘ಸೋದರಮಾವ’ ಎಂದು ಸೇರಿಸಿದೆ. ಪಟ್ಟಿ ಬರೆಯುವಾಗ ನೆನಪಾಗದ್ದು ಆಗ ನೆನಪಾಯಿತು. ಇದೇ ಆಫೀಸಿನಲ್ಲಿ ಗುಮಾಸ್ತನಾಗಿದ್ದಾಗ ನನ್ನ ಸೋದರಮಾವನ ಬೊಜ್ಜಕ್ಕೆ ನಾನು ಹಾಕಿದ್ದು ಹೊಟ್ಟೆನೋವಿನ ರಜೆ. ಮೀಸೆಯಿಲ್ಲದೆ ಮರಳಿದ ನನ್ನ ಮುಖವನ್ನು ಅಂದಿನ ಮ್ಯಾನೇಜರು ಒಮ್ಮೆ ನೋಡಿದರು.

“ಚಾ ಕುಡಿದಾಯ್ತಾ?” ಎಂದರು. ಹೊಟ್ಟೆನೋವಿನ ವಿಷಯ ಎತ್ತಲೇ ಇಲ್ಲ.