ಬೇವಿನ ಗೋಡೆಯ ಕದಿರಮ್ಮ

ಕದಿರಮ್ಮ ಮಣ್ಣು ತುಳಿಯುವುದನ್ನು ನೋಡಿದವರು, ಇವಳು ತುಳಿಯುತ್ತಿರುವುದು ಮಣ್ಣನ್ನಲ್ಲ, ಯಾರನ್ನೋ, ಎಂದುಕೊಳ್ಳುತ್ತಿದ್ದರು. ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ ಹುಲ್ಲು ಬೆರೆಸಿದ ಕೆಸರಿಗೆ ಇಳಿದಳೆಂದರೆ, ಹಿಮ್ಮಡಿಯಿಂದ ಗುದ್ದಿ ಗುದ್ದಿ ಅದರ ಸೊಕ್ಕು ಮುರಿಯುತ್ತಿದ್ದಳು. ಬೂದಿಗೆರೆ ಸುತ್ತಿನಲ್ಲಿ ಅವಳು ಎಬ್ಬಿಸಿದ ಗೋಡೆಗೆ ಎತ್ತು ಹಾಯ್ದರೆ ಕೊಂಬು ಮುರಿಯುತ್ತದೆಯೇ ಹೊರತು ಗೋಡೆ ಬಿರಿಯುವುದಿಲ್ಲ ಎಂದು ಜನ ಹೇಳುತ್ತಿದ್ದರು. ಜನ ಹೇಳುವುದರಲ್ಲಿ ಅರ್ಧ ಕಳೆದರೂ ಗೋಡೆ ಗಟ್ಟಿಯೇ.

ಅವಳ ಗಂಡ ಕೆರೆ ತೂಬಿನ ಜಗಳದಲ್ಲಿ ಸತ್ತವನು. ಪಕ್ಕದೂರಿನವರ ದೊಣ್ಣೆ ತಲೆಗೆ ಬಿದ್ದಿತ್ತು. ಹೆಣವನ್ನು ಹೆಗಲ ಮೇಲೆ ಹೊತ್ತು ತಂದವನು ಅವಳ ತಮ್ಮ ಪಿಳ್ಳಣ್ಣ. ಹೆಣ ಇಳಿಸಿದವನೇ ಮತ್ತೆ ಕೆರೆ ಏರಿಗೆ ಓಡಿ, ಸಿಕ್ಕವರ ಕೈಕಾಲು ಮುರಿದು ಬಂದವನೂ ಅವನೇ. ತಾಯಿಯಿಲ್ಲದ ಆ ತಮ್ಮನನ್ನು ಕದಿರಮ್ಮ ಸೊಂಟದ ಮೇಲೆ ಹೊತ್ತು ಸಾಕಿದ್ದಳು. ಅವನ ಸಿಟ್ಟು ಅವಳಿಗೆ ಗೊತ್ತಿತ್ತು. ತನ್ನ ಮೈಯಲ್ಲಿ ಹರಿಯುವುದೂ ಅದೇ ರಕ್ತ ಅನ್ನುವುದೂ ಗೊತ್ತಿತ್ತು.

ಅದು ಯುದ್ಧದ ಕಾಲ, ಸೀಮೆಎಣ್ಣೆಗೂ ಸಾಲು ನಿಲ್ಲಬೇಕಾದ ಕಾಲ. ದೇವನಹಳ್ಳಿಗೆ ಹೋಗುವ ದಾರಿಯಲ್ಲಿ, ದೊಡ್ಡ ಬೇವಿನ ಮರವೊಂದರ ಮಗ್ಗುಲಿಗೆ, ಮಕ್ಕಳಿಗೆಂದೇ ಒಂದು ಸಣ್ಣ ಆಸ್ಪತ್ರೆ ಎದ್ದಿತ್ತು. ರೆಬೆಕ್ಕಮ್ಮ ಅನ್ನುವ ಲೇಡಿ ಡಾಕ್ಟರು ಅದನ್ನು ನಡೆಸುತ್ತಿದ್ದರು. ಕದಿರಮ್ಮನ ಮೊಮ್ಮಗಳು ಪುಟ್ಟತಾಯಿಯನ್ನು ಬೆದರಿದ ಎತ್ತೊಂದು ತುಳಿದು, ತೊಡೆಯ ಮೂಳೆ ಚರ್ಮ ಸೀಳಿ ಹೊರಬಂದಾಗ ಅಲ್ಲಿಗೇ ಗಾಡಿ ಹೊಡೆದದ್ದು. ಹೆತ್ತವಳು ಬಾಣಂತನದಲ್ಲೇ ಹೋಗಿದ್ದಳು. ಆ ಮಗುವಿಗೆ ಅಜ್ಜಿ, ಅಜ್ಜಿಗೆ ಆ ಮಗು, ಅಷ್ಟೇ. ಡಾಕ್ಟರಮ್ಮ ಗಾಯ ತೊಳೆದು, ಕಾಲಿಗೆ ಹಲಗೆ ಕಟ್ಟಿ, ಹಗ್ಗದಲ್ಲಿ ತೂಗುಹಾಕಿದರು. ಮೂಳೆ ಕೂಡುವ ತನಕ ಮಗು ಅಲುಗಾಡಬಾರದು, ಅಲುಗಾಡಿದರೆ ಕಾಲು ಹೋಗುತ್ತದೆ, ಕಾಲಿನ ಹಿಂದೆ ಜೀವವೂ ಹೋದೀತು ಎಂದು ಬಿಡಿಸಿ ಹೇಳಿದರು.

ಆದರೆ ಮಗು ಸುಮ್ಮನೆ ಮಲಗಬೇಕಲ್ಲ. ಒಳಗೆಲ್ಲ ಬಿಳಿ ಸುಣ್ಣ. ಕೆಮ್ಮಣ್ಣಿನ ಗೋಡೆಗಳ ನಡುವೆ ಹುಟ್ಟಿದ ಮಕ್ಕಳು ಹಾಗೆ ಮೈತುಂಬ ಸುಣ್ಣ ಬಳಿದುಕೊಂಡದ್ದನ್ನು ಕಂಡಿದ್ದು ತೋಪಿನ ಸಮಾಧಿಗಳಲ್ಲಿ ಮಾತ್ರ. ಒಂದು ಮಗು ಕಿರುಚಿದರೆ ವಾರ್ಡೆಲ್ಲ ಕಿರುಚುತ್ತಿತ್ತು. ಪುಟ್ಟತಾಯಿ ಹಗ್ಗ ಕಿತ್ತುಕೊಳ್ಳಲು ಒದ್ದಾಡಿ, ಕೂಡುತ್ತಿದ್ದ ಗಾಯವನ್ನು ಮತ್ತೆ ಒಡೆದುಕೊಂಡಳು.

“ಅಜ್ಜೀ, ನನ್ನ ಗುಣೀಲಿ ಇಟ್ಟವ್ರೆ. ಎತ್ಕಂಡು ಹೋಗು” ಅಂದಳು.

ಕದಿರಮ್ಮ ಡಾಕ್ಟರಮ್ಮನ ಹತ್ತಿರ ಹೋಗಿ, ಈ ಗೋಡೆಗಳನ್ನು ನನ್ನ ಕೈಗೆ ಕೊಡಿ ಎಂದು ಕೇಳಿದಳು. ಡಾಕ್ಟರಮ್ಮನೂ ಅದನ್ನೇ ಯೋಚಿಸುತ್ತಿದ್ದರು. ಮಂಚವನ್ನು ಮರದ ನೆರಳಿಗೆ ಹಾಕಿಸಿದ ದಿನ ಮಕ್ಕಳು ಹೊಟ್ಟೆತುಂಬ ಗಂಜಿ ಕುಡಿಯುತ್ತಿದ್ದುದನ್ನು ಅವರು ಕಂಡಿದ್ದರು. ತೊಳೆಯುವುದಕ್ಕೆ ಬರುವಂತೆ ಕೆಳಗೆ ಮೊಳದಷ್ಟು ಸುಣ್ಣ ಇರಲಿ, ಮೇಲಿನದು ನಿನ್ನದು ಎಂದು ಒಪ್ಪಿದರು. ಗೀಜಗನ ಗೂಡಿಗೆ ಮೂಲೆ ಇರುತ್ತದೆಯೇ? ಕದಿರಮ್ಮ ಮೊದಲು ಮೂಲೆಗಳನ್ನೆಲ್ಲ ಮಣ್ಣು ತುಂಬಿ ದುಂಡಗೆ ಮಾಡಿದಳು. ಮಲಗಿದ ಮಗುವಿಗೆ ಕಾಣುವಷ್ಟು ಕೆಳಕ್ಕೆ ಕಿಟಕಿ ಇಳಿಸಿ, ಬೇವಿನ ಕೊಂಬೆಯೊಂದನ್ನು ಒಳಕ್ಕೆ ಬಿಟ್ಟುಕೊಂಡಳು. ಗುಬ್ಬಿಗಳಿಗೆ ಗೂಡು ಕೊರೆದಳು. ಕೊನೆಗೆ ಕೆಮ್ಮಣ್ಣಿನ ಸಾರಣೆ ಹಸಿಯಿರುವಾಗಲೇ, ಬಾಗಿಲ ಸುತ್ತ ಮತ್ತು ಮೊಮ್ಮಗಳ ತಲೆದೆಸೆಯ ಗೋಡೆಯ ತುಂಬ ಬೇವಿನ ಸೊಪ್ಪನ್ನು ಒತ್ತಿದಳು. ಒಣಗಿದ ಮೇಲೆ ಎಲೆಯ ನರನರವೂ ಅಚ್ಚಾಗಿ ಉಳಿಯಿತು. ಪುಟ್ಟತಾಯಿ ಬೆರಳಾಡಿಸುತ್ತ ಎಲೆ ಎಣಿಸುತ್ತಿದ್ದಳು. ಎಣಿಸುತ್ತ ನಿದ್ದೆ ಹೋಗುತ್ತಿದ್ದಳು.

ಕದಿರಮ್ಮ ಎಡವಿದ್ದು ಅಲ್ಲೇ.

ಮನೆಯಲ್ಲಿ ಸಿಡುಬು ಎದ್ದರೆ ಅಮ್ಮ ಬಂದಳು ಅನ್ನುತ್ತಾರೆ. ಬಾಗಿಲಿಗೆ ಬೇವು ಕಟ್ಟುತ್ತಾರೆ. ಒಳಗೆ ಅಮ್ಮ ಕುಳಿತಿದ್ದಾಳೆ ಅನ್ನುವ ಗುರುತು ಅದು. ಗುಳ್ಳೆ ಒಣಗಿ ರೋಗಿಗೆ ತಲೆಗೆ ನೀರು ಹಾಕಿದ ದಿನ, ಕಟ್ಟಿದವರ ಕೈಯೇ ಆ ಸೊಪ್ಪನ್ನು ಬಿಚ್ಚಿ, ಮೊಸರನ್ನದ ಜೊತೆ ಕೆರೆಗೆ ಬಿಡಬೇಕು. ಆಗ ಅಮ್ಮ ತಣ್ಣಗೆ ಊರು ಬಿಡುತ್ತಾಳೆ. ಬಿಚ್ಚದೆ ಹೋದರೆ ಏನಾಗುತ್ತದೆ ಎಂದು ಯಾರೂ ಕೇಳಿದ್ದಿಲ್ಲ, ಯಾಕೆಂದರೆ ಬಿಚ್ಚದೆ ಬಿಟ್ಟವರೇ ಇಲ್ಲ. ಕದಿರಮ್ಮನ ತಲೆಯಲ್ಲಿ ಇದ್ದದ್ದು ಮರ, ಅಮ್ಮನಲ್ಲ. ಬಿಚ್ಚುವುದಕ್ಕೆ ಬಾರದ ಹಾಗೆ ಬೇವನ್ನು ಕಟ್ಟಿಬಿಟ್ಟಿದ್ದಳು.

ಆ ಬೇಸಿಗೆಯಲ್ಲಿ ಸಿಡುಬು ಊರಿಗೆ ನುಗ್ಗಿತು. ಬೀದಿಗೊಂದು ಮಗುವಿನ ಮೈ ಒಡೆದು, ಬಾಳೆ ಎಲೆಯ ಮೇಲೆ ಮಲಗಿಸಿದರೆ ಚರ್ಮ ಎಲೆಗೆ ಅಂಟಿ ಬರುತ್ತಿತ್ತು. ಕದಿರಮ್ಮ ಆಸ್ಪತ್ರೆ ಬಿಟ್ಟು ಕದಲುವಂತಿರಲಿಲ್ಲ; ಸುದ್ದಿ ಮಾತ್ರ ಬರುತ್ತಿತ್ತು. ಪಿಳ್ಳಣ್ಣನ ಒಬ್ಬನೇ ಮಗ ಬೈರನೂ ಹೋದ ಅನ್ನುವ ಸುದ್ದಿ ಬಂತು. ಅದರ ಬೆನ್ನಿಗೇ ಇನ್ನೊಂದು ಮಾತು ಬಂತು: ಆಸ್ಪತ್ರೆಯವರು ಅಮ್ಮನನ್ನು ಗೋಡೆಯಲ್ಲಿ ಹಾಕಿ ಕಟ್ಟಿದ್ದಾರೆ, ಹೊರಡಲು ದಾರಿಯಿಲ್ಲದೆ ಅವಳು ಊರ ಮಕ್ಕಳನ್ನು ತಿನ್ನುತ್ತಿದ್ದಾಳೆ.

ಮಂಗಳವಾರ, ಬಿಸಿಲು ನೆತ್ತಿಗೆ ಏರಿದ ಹೊತ್ತಿಗೆ ತಮಟೆ ಕೇಳಿಸಿತು. ಹಾರೆ, ಗುದ್ದಲಿ, ಪಿಕಾಸಿ ಹಿಡಿದ ಗುಂಪು. ಮುಂದೆ ಪಿಳ್ಳಣ್ಣ, ಮಗನಿಗೆಂದು ತಲೆ ಬೋಳಿಸಿಕೊಂಡವನು. ಬಾಗಿಲಲ್ಲಿ ಅಡ್ಡ ನಿಂತ ಡಾಕ್ಟರಮ್ಮ, ಒಳಗೆ ಮಕ್ಕಳಿದ್ದಾರೆ ಎಂದು ಹೇಳುತ್ತಿದ್ದಂತೆಯೇ ಕಲ್ಲೊಂದು ಹುಬ್ಬಿಗೆ ಬಡಿದು, ಮುಖವೆಲ್ಲ ರಕ್ತವಾಗಿ ಕುಸಿದರು. ಕಿಟಕಿಯ ಹಲಗೆ ಪುಡಿಯಾಯಿತು. ಗುಬ್ಬಿಗೂಡಿನಿಂದ ಮೊಟ್ಟೆಗಳು ಉದುರಿ ಕಾಲಿಗೆ ಸಿಕ್ಕವು. ಒಳಗಿದ್ದ ತಾಯಂದಿರು ಮಕ್ಕಳನ್ನು ಬಾಚಿಕೊಂಡು, ಡಾಕ್ಟರಮ್ಮನನ್ನೂ ಎಳೆದುಕೊಂಡು ಹಿತ್ತಲಿಗೆ ಓಡಿದರು. ಪುಟ್ಟತಾಯಿ ಒಬ್ಬಳೇ ಹಗ್ಗಕ್ಕೆ ಕಾಲು ಕೊಟ್ಟು ಅಲ್ಲೇ ಮಲಗಿದ್ದಳು. ಅವಳನ್ನು ಎತ್ತುವ ಹಾಗಿರಲಿಲ್ಲ.

ಕದಿರಮ್ಮ ಬಾಗಿಲಿನ ಗೋಡೆಗೆ ಕೈ ಆನಿಸಿ ನಿಂತಳು.

“ಅಕ್ಕಾ, ಅಡ್ಡ ಬರಬ್ಯಾಡ” ಅಂದ ಪಿಳ್ಳಣ್ಣ. “ಕಟ್ಟಾಕ್ದೋಳು ನೀನೇ. ನಿನ್ನ ತಲೇನೇ ಮೊದ್ಲು ಒಡೀಬೇಕು.”

“ಒಡಿ ಬಾರ್ಲಾ. ನಿನ್ನ ತಿಕ ತೊಳೆದ ಕೈ ಇದು. ಇದ್ರಿಂದ್ಲೇ ಶುರು ಮಾಡು.”

ಹೆದರಿಸುವುದಕ್ಕೆ ಬೀಸಿದನೋ, ಬೇಕೆಂದೇ ಬೀಸಿದನೋ, ಆಮೇಲೆ ಅವನಿಗೂ ಗೊತ್ತಾಗಲಿಲ್ಲ. ಹಾರೆ ಬಂದು ಗೋಡೆಯ ಮೇಲಿದ್ದ ಅವಳ ಎಡಗೈಗೆ ಬಿತ್ತು. ಎರಡು ಬೆರಳು ಬೇವಿನೆಲೆಯ ಅಚ್ಚಿನೊಳಗೇ ಜಜ್ಜಿ ಹೋದವು. ಕದಿರಮ್ಮ ಸೆರಗು ಹರಿದು ಕೈಗೆ ಸುತ್ತಿಕೊಂಡಳು. ಆ ನೋವಿನಲ್ಲೇ ಅವಳಿಗೆ ದಾರಿ ಹೊಳೆಯಿತು. ಪಕ್ಕದಲ್ಲಿದ್ದವನ ಪಿಕಾಸಿ ಕಿತ್ತುಕೊಂಡು ಗುಂಪಿನ ಕಡೆ ತಿರುಗಿದಳು.

“ಬೇವು ಬಿಚ್ಬೇಕು, ಅಷ್ಟೇ ತಾನೆ? ಕಟ್ಟಿದ ಕೈಯೇ ಬಿಚ್ಬೇಕು. ಇನ್ನೊಬ್ರು ಮುಟ್ಟುದ್ರೆ ಅಮ್ಮ ಅವ್ರ ಮನೇಗೇ ಹೋಗ್ತಾಳೆ. ಯಾರು ಮುಟ್ತೀರಿ, ಮುಂದಕ್ಕೆ ಬರ್ರಿ.”

ಅದು ಅವರ ಮನೆಮನೆಯ ಕಟ್ಟಳೆ. ತಮಟೆ ನಿಂತಿತು. ಒಬ್ಬೊಬ್ಬರಾಗಿ ಹಿಂದೆ ಸರಿದರು. ಕದಿರಮ್ಮ ಒಂದೇ ಕೈಯಲ್ಲಿ ಪಿಕಾಸಿ ಎತ್ತಿ, ತಾನೇ ತುಳಿದ ಮಣ್ಣಿಗೆ, ತಾನೇ ಸಾರಿಸಿದ ಗೋಡೆಗೆ ಹೊಡೆಯತೊಡಗಿದಳು. ಗಟ್ಟಿ ಗೋಡೆ ಕಟ್ಟಿದ್ದಕ್ಕೆ ಅವತ್ತು ತನ್ನನ್ನೇ ಬೈದುಕೊಂಡಳು. ಪ್ರತಿ ಏಟಿಗೂ ರಕ್ತ ಹಾರಿ ಮಣ್ಣಿನ ಮೇಲೆ ಬೀಳುತ್ತಿತ್ತು. ಮರದ ಕಡೆಯ ಆ ಗೋಡೆ ಬಾಗಿಲ ಸಮೇತ ಉರುಳಿದಾಗ ಬಿಸಿಲು, ಧೂಳು, ಬೇವಿನ ಗಾಳಿ ಎಲ್ಲ ಒಟ್ಟಿಗೇ ಒಳಕ್ಕೆ ನುಗ್ಗಿದವು. ಬಿಚ್ಚಿದ ಬೇವನ್ನು ಮುಟ್ಟಿದರೆ ದೋಷವಿಲ್ಲ; ಅಚ್ಚಿದ್ದ ಹೆಂಟೆಗಳನ್ನು ಜನ ಕೈಮುಗಿದು ಮಕ್ಕರಿಗೆ ತುಂಬಿಕೊಂಡು ಕೆರೆಯತ್ತ ಹೊರಟರು.

ಪಿಳ್ಳಣ್ಣ ಹೊರಡಲಿಲ್ಲ. ಅವನ ಕಣ್ಣು ಒಳಗೆ, ಪುಟ್ಟತಾಯಿಯ ತಲೆದೆಸೆಯ ಗೋಡೆಯ ಮೇಲಿತ್ತು. ಅಲ್ಲಿಯೂ ಬೇವು. ಸೂರಿನ ತೊಲೆ ಕೂತಿದ್ದೇ ಆ ಗೋಡೆಯ ಮೇಲೆ. ಅದು ಬಿದ್ದರೆ ಹೆಂಚು, ತೊಲೆ ಎಲ್ಲ ಮಗುವಿನ ಎದೆಗೆ.

“ಅದನ್ನ ನಾನೇ ಆಮ್ಯಾಕೆ ಕೆರೀತೀನಿ. ಹೊಡೀಬ್ಯಾಡ” ಅಂದಳು ಕದಿರಮ್ಮ.

“ನನ್ನ ಮಗ ಹೋದ. ನಿನ್ನ ಮೊಮ್ಮಗಳು ಮಾತ್ರ ಗೂಡಲ್ಲಿ ಬೆಚ್ಚಗಿರ್ಬೇಕಾ?”

ಅವನು ಹಾರೆ ಎತ್ತಿ ಒಂದು ಏಟು ಹಾಕಿದ. ಹೆಂಚೊಂದು ಜಾರಿ ಮಂಚದ ಪಕ್ಕ ಒಡೆಯಿತು. ಪುಟ್ಟತಾಯಿ “ತಾತಾ” ಅಂದಳು. ಅವನು ಎರಡನೆಯ ಏಟಿಗೆ ಎತ್ತಿದ. ಕದಿರಮ್ಮ ಪಿಕಾಸಿ ತಿರುಗಿಸಿ, ಹಿಂಬದಿಯಿಂದ, ಮಣ್ಣಿನ ಹೆಂಟೆಗೆ ಹೊಡೆಯುವ ಹಾಗೆಯೇ, ತಮ್ಮನ ಮಂಡಿಗೆ ಹೊಡೆದಳು. ಒಣಗಿದ ಹುಣಸೆ ಕೊಂಬೆ ಲಟಕ್ಕನೆ ಮುರಿದ ಸದ್ದಾಯಿತು. ತಾನು ಸೊಂಟದ ಮೇಲೆ ಹೊತ್ತ ಮೈ ತನ್ನ ಕಾಲಿನ ಹತ್ತಿರವೇ ಬಿದ್ದು ಹೊರಳಿತು. ಬಿದ್ದ ಗೋಡೆಯಾಚೆ ಉಳಿದು ಇಣುಕಿದವರು ಅವಳ ಮುಖ ನೋಡಿ ಒಳಕ್ಕೆ ಬರಲಿಲ್ಲ.

ಡಾಕ್ಟರಮ್ಮ ಹುಬ್ಬಿಗೆ ಬಟ್ಟೆ ಕಟ್ಟಿಕೊಂಡು ಎದ್ದು ಬಂದರು. ಮೊದಲು ಕದಿರಮ್ಮನ ಬೆರಳು ಕತ್ತರಿಸಿ ಹೊಲಿದರು. ಆಮೇಲೆ ಪಿಳ್ಳಣ್ಣನ ಕಾಲಿಗೆ ಹಲಗೆ ಕಟ್ಟಿದರು. ಅಲ್ಲಿ ಇದ್ದದ್ದೆಲ್ಲ ಮಕ್ಕಳ ಮಂಚ. ಎರಡನ್ನು ಜೋಡಿಸಿ, ಪುಟ್ಟತಾಯಿಯ ಪಕ್ಕದಲ್ಲೇ ಅವನನ್ನು ಮಲಗಿಸಿ, ಅವಳ ಕಾಲಿನಂತೆಯೇ ಅವನ ಕಾಲನ್ನೂ ಹಗ್ಗಕ್ಕೆ ತೂಗುಹಾಕಿದರು. ಪೊಲೀಸಿನವರು ಬಂದು ಕೇಳಿದಾಗ ಡಾಕ್ಟರಮ್ಮ, ಗೋಡೆ ಬಿತ್ತು, ನೋವಾಯಿತು ಎಂದಷ್ಟೇ ಹೇಳಿ ಕಳುಹಿಸಿದರಂತೆ.

ಕದಿರಮ್ಮ ಕೊಟ್ಟ ಮಾತಿನಂತೆ ತಲೆದೆಸೆಯ ಬೇವನ್ನು ಕೆರೆದು ಕೆರೆಗೆ ಬಿಟ್ಟು, ಆ ಜಾಗದಲ್ಲಿ ಹೊಂಗೆ ಎಲೆ ಒತ್ತುತ್ತಿದ್ದಳು. ಯಾವ ದೇವರೂ ಹಕ್ಕು ಕೇಳದ ಎಲೆ ಅದು. ಅವಳ ಬೆನ್ನನ್ನೇ ನೋಡುತ್ತಿದ್ದ ಪಿಳ್ಳಣ್ಣ ಒಂದು ದಿನ ಕೇಳಿದ:

“ಅಕ್ಕಾ, ಬೈರಂಗೆ ಮೊದ್ಲೇ ಸಿಡುಬಿನ ಸೂಜಿ ಚುಚ್ಚಿಸಿದ್ರೆ ಉಳೀತಿದ್ನಾ?”

ಕದಿರಮ್ಮ ಎಲೆ ಒತ್ತುತ್ತಲೇ ಇದ್ದಳು.

ಮರದ ಕಡೆಯ ಗೋಡೆಯನ್ನು ಮಳೆಗೆ ಮುಂಚೆ ಮತ್ತೆ ಎಬ್ಬಿಸು ಎಂದು ಡಾಕ್ಟರಮ್ಮ ಕೇಳಿದಾಗ ಅವಳು ಒಪ್ಪಲಿಲ್ಲ. ಬಿಚ್ಚಿದ್ದನ್ನು ಕಟ್ಟಬಾರದು, ಬರುವವಳು ಬರಲಿ, ಹೋಗುವವಳಿಗೆ ದಾರಿ ಇರಲಿ ಅಂದಳು. ಗೋಡೆಯ ಬದಲು ಅಲ್ಲಿ, ಮಳೆ ಒಳಕ್ಕೆ ಹೊಡೆಯದಂತೆ ಸೂರನ್ನೇ ಮುಂದಕ್ಕೆ ಚಾಚಿ ಉದ್ದನೆಯ ಮಾಡು ಇಳಿಸಿದಳು. ಅಲ್ಲಿಂದ ಮುಂದೆ ಆ ವಾರ್ಡಿಗೆ ಮೂರೇ ಗೋಡೆ; ನಾಲ್ಕನೆಯದು ಬೇವಿನ ಮರ. ಪುಟ್ಟತಾಯಿ ಎದ್ದು ಮೊದಲ ಹೆಜ್ಜೆ ಇಟ್ಟದ್ದು ಅದರ ಬುಡದ ಕಡೆಗೇ, ಹಲ್ಲು ಕಚ್ಚಿಕೊಂಡು, ನೆಟ್ಟಗೆ.

ಮಾಡಿನ ಕೆಲಸಕ್ಕೆ ಮಣ್ಣು ಕಲಸುವಾಗ ಪಿಳ್ಳಣ್ಣನಿಗೆ ತುಳಿಯಲು ಕಾಲು ಬಗ್ಗುತ್ತಿರಲಿಲ್ಲ. ಊರುಗೋಲು ಪಕ್ಕಕ್ಕಿಟ್ಟು, ಮರದ ಕೆಳಗೆ ಕುಳಿತು ಹುಲ್ಲು ಕೊಚ್ಚುತ್ತಿದ್ದ. ಕದಿರಮ್ಮ ಕೆಸರಿನಲ್ಲಿ ನಿಂತು, ಮೂರು ಬೆರಳಿನ ಕೈಯನ್ನು ಸೊಂಟಕ್ಕಿಟ್ಟು ನೋಡಿದಳು.

“ಸಣ್ಣಗೆ ಕೊಚ್ಲಾ” ಅಂದಳು. “ದನಕ್ಕೆ ಹಾಕಕ್ಕಲ್ಲ ಅದು.”