ಪ್ರಿಯಂವದಾ ಅಕ್ಕೋರು ಕಾದ ಮಾತು

ಬೆಳಕೆಯ ಅಂಗನವಾಡಿಯಲ್ಲಿ ಮೂವತ್ತೊಂದು ವರ್ಷ ಮಕ್ಕಳ ಮೂಗು ಒರೆಸಿ, ಹಾಡು ಕಲಿಸಿದ ಪ್ರಿಯಂವದಾ ಅಕ್ಕೋರ ಸೇವೆ ಮೇ ಕೊನೆಗೆ ಮುಗಿಯುವುದಿತ್ತು. ಅವರಿಗೆ ಒಂದೇ ಆಸೆ ಉಳಿದಿತ್ತು. ಅಷ್ಟರೊಳಗೆ ಪ್ರಣಿತಾಳ ದನಿ ಕೇಳಬೇಕು.

ಪ್ರಣಿತಾ ಮೀನು ಮಾರುವ ದೇವಿಯ ಮೊಮ್ಮಗಳು. ಅಂಗನವಾಡಿ ಸೇರಿ ಎರಡು ವರ್ಷವಾದರೂ ಒಂದಕ್ಷರ ಆಡಿದವಳಲ್ಲ. ನೀರು ಬೇಕಾದರೆ ಬೆರಳು ತೋರಿಸುವಳು. ಬಿದ್ದು ಮೊಣಕಾಲು ತರಚಿದರೂ ಅಳು ನುಂಗುವಳು. ಜೂನ್‌ನಲ್ಲಿ ಒಂದನೇ ತರಗತಿಗೆ ಹೋಗುವ ಹುಡುಗಿ. ಅಲ್ಲಿ ಮಕ್ಕಳು ಮೂಗಿ ಎಂದು ಕರೆಯತೊಡಗಿದರೆ ಏನು ಗತಿ ಎಂದು ಅಕ್ಕೋರಿಗೆ ಹೆದರಿಕೆ.

"ಮನೇಲೂ ಹೀಗೇಯಾ ದೇವಿ?"

"ಮನೇಲಾ? ಬಾಯಿಗೆ ಹಾಕೂಕೆ ನಾನು ಬೀಗ ಹುಡುಕ್ತಾ ಇದ್ದೆ ಅಕ್ಕೋರೆ! ಇಲ್ಲಿ ಬಂದ್ಕೂಡ್ಲೆ ಎಂತ ಆಗ್ತದೋ."

ಇಬ್ಬರದ್ದೂ ಮನೆಮಾತು ಕೊಂಕಣಿ. ಆದರೂ ಅಂಗನವಾಡಿಯ ಹೊಸಿಲಲ್ಲಿ ಕನ್ನಡವೇ. ಅದು ಅಕ್ಕೋರ ಕಟ್ಟಳೆ. ಚಿಕ್ಕಂದಿನಲ್ಲಿ ಕುಮಟೆಯ ಶಾಲೆಗೆ ಸೇರಿದ ಮೊದಲ ದಿನ ಅವರು ಬಾಯಿ ತೆರೆದಾಗ ಅರ್ಧ ಕೊಂಕಣಿಯೇ ಬಂದು, ಇಡೀ ತರಗತಿ ನಕ್ಕಿತ್ತು. ಆ ನಗೆ ತಮ್ಮ ಅಂಗನವಾಡಿಯ ಮಕ್ಕಳ ಪಾಲಿಗೆ ಬಾರದಿರಲಿ ಎಂದು, ಕೆಲಸಕ್ಕೆ ಸೇರಿದಂದಿನಿಂದಲೇ ಕನ್ನಡದ ಹೊರತು ಬೇರೆ ಮಾತು ಬೇಡವೆಂದು ನಿಶ್ಚಯಿಸಿದ್ದರು.

ಒಂದು ಭಾನುವಾರ ಭಟ್ಕಳದ ಮೀನುಪೇಟೆಯಲ್ಲಿ ದೇವಿಯ ಬುಟ್ಟಿ ಕಂಡಿತು. ಪೇಟೆಯಲ್ಲಿ ಎಲ್ಲಿಯ ಕಟ್ಟಳೆ? ಅಕ್ಕೋರು ಕೊಂಕಣಿಯಲ್ಲೇ ಚೌಕಾಶಿಗಿಳಿದರು.

"ಈ ಬಂಗಡೆ ನಿನ್ನೆಯದು ಕಾಣ್ತದಲ್ಲೇ!"

ಬುಟ್ಟಿಯ ಹಿಂದೆ ಕೂತಿದ್ದ ಪ್ರಣಿತಾ ಎದ್ದು ನಿಂತಳು. ಅಕ್ಕೋರ ಬಾಯನ್ನೇ ಬೆರಗಾಗಿ ನೋಡಿದಳು. ಮರುಗಳಿಗೆ ಒಂದು ಮೀನನ್ನೆತ್ತಿ, ಪುಟ್ಟ ಬೆರಳಿಂದ ಅದರ ಕಿವಿರು ಬಿಡಿಸಿ, ಕೊಂಕಣಿಯಲ್ಲೇ ಗದರಿದಳು: "ನೋಡಿ ಇಲ್ಲಿ! ಕೆಂಪಗಿಲ್ವಾ? ಅಪ್ಪ ಇವತ್ತೇ ತಂದದ್ದು. ನಿಮಗೆ ಮೀನು ನೋಡೂಕೆ ಬರೂದಿಲ್ಲ!"

ದೇವಿ ಹೊಟ್ಟೆ ಹಿಡಿದು ನಕ್ಕಳು. "ಆತು, ಇನ್ನು ಬೀಗ ನೀವೇ ಹುಡುಕಿ ಅಕ್ಕೋರೆ!"

ಅಕ್ಕೋರೂ ನಕ್ಕರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ ಮಾತ್ರ ಆ ನಗು ಉಳಿಯಲಿಲ್ಲ. ಎಷ್ಟೋ ವರ್ಷದ ಹಿಂದೆ ಅಂಗನವಾಡಿಯ ಕಿಟಕಿಯ ಸರಳು ಹಿಡಿದು ಎರಡು ವರ್ಷ ಸುಮ್ಮನೆ ಕೂತಿದ್ದ ಉಮೇಶ ನೆನಪಾದ. ಮಾತು ಕಡಿಮೆಯ ಹುಡುಗ ಎಂದು ತಾವೇ ಅವನ ಅಮ್ಮನಿಗೆ ಹೇಳಿದ್ದರು. ಅವನ ಮನೆಯಲ್ಲೂ ಕೊಂಕಣಿಯೇ. ಅವನೊಳಗೂ ಇಷ್ಟು ಮಾತಿತ್ತೇ?

ಸೇವೆಯಲ್ಲಿ ಉಳಿದದ್ದು ಒಂಬತ್ತು ದಿನ. ಆ ಒಂಬತ್ತು ದಿನವೂ ಅಂಗನವಾಡಿಯಲ್ಲಿ ಕೊಂಕಣಿ ಕೇಳಿಸಿತು. ಪ್ರಣಿತಾ ಬಲೆಯ ಕಥೆ, ಬೆಕ್ಕಿನ ಕಥೆ ಹೇಳಿದಳು, ಜಗಳವಾಡಿದಳು, ಬಿದ್ದಾಗ ಊರಿಗೆಲ್ಲ ಕೇಳುವಂತೆ ಅತ್ತಳು. ಅಕ್ಕೋರು ಆ ಅಳುವನ್ನು ಕೂಡಲೇ ನಿಲ್ಲಿಸಲಿಲ್ಲ, ತುಸು ಹೊತ್ತು ಕೇಳಿದರು.

ಕೊನೆಯ ದಿನ ಸೆರಗು ಹಿಡಿದು ಅವಳೇ ಕನ್ನಡದಲ್ಲಿ ಕೇಳಿದಳು: "ಅಕ್ಕೋರೆ, ನಾಳೆ ನೀವು ಬರೂದಿಲ್ವಾ?"

"ನೀನು ದೊಡ್ಡ ಶಾಲೆಗೆ ಹೋಗ್ತೆ ಅಲ್ವಾ ಮಗಾ," ಎಂದರು.

ಬೀಗದ ಕೈ ಒಪ್ಪಿಸಿದ ಮೇಲೆ ಅವರು ಮನೆಯ ದಾರಿ ಹಿಡಿಯಲಿಲ್ಲ. ಉಮೇಶ ಈಗ ದೋಣಿಗೆ ಹೋಗುತ್ತಾನೆ. ದಾರಿಯಲ್ಲಿ ಸಿಕ್ಕರೆ ಕೈ ಮುಗಿದು, ಮಾತಿಲ್ಲದೆ ಸರಿದುಬಿಡುತ್ತಾನೆ. ಅವನಲ್ಲಿ ಕೇಳಬೇಕಾದ ಮಾತನ್ನು ಕೊಂಕಣಿಯಲ್ಲಿ ಜೋಡಿಸಿಕೊಳ್ಳುತ್ತ, ಅಕ್ಕೋರು ಕಡಲ ದಂಡೆಯಲ್ಲಿ ಕಾದು ನಿಂತರು.