ಲಾಗ ಹಾಕಬೇಕಿದ್ದ ವಿಮಾನ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಬಾಗಲಕೋಟೆಯ ಕಾಲೇಜೊಂದರಲ್ಲಿ ಎಂಜಿನಿಯರಿಂಗ್ ಕಲಿಸುತ್ತಿದ್ದೆ. ಪಾಠ ಮುಗಿದ ಮೇಲಿನ ನನ್ನ ಹೊತ್ತನ್ನೆಲ್ಲ ಒಂದು ವಿಮಾನ ತಿಂದಿತು. ಮಾರುದ್ದ ರೆಕ್ಕೆಯ, ಒಳಗೆ ಮನುಷ್ಯರಿಲ್ಲದ ಮಾದರಿ ವಿಮಾನ. ನೆಲದಿಂದ ಒಂದು ಗುಂಡಿ ಒತ್ತಿದರೆ ಅದು ತಾನಾಗಿಯೇ ಆಕಾಶದಲ್ಲಿ ಲಾಗ ಹಾಕಿ ಮತ್ತೆ ನೆಟ್ಟಗಾಗಬೇಕು ಎಂಬುದು ನನ್ನ ಹಟ.

ಅದರ ರೇಡಿಯೊ ಮಾಡಿಕೊಟ್ಟವರು ಇಳಕಲ್ಲಿನಲ್ಲಿ ರೇಡಿಯೊ, ಗಡಿಯಾರ ರಿಪೇರಿ ಮಾಡುತ್ತಿದ್ದ ಒಬ್ಬ ಸಾಹೇಬರು. ನನಗಿಂತ ಹಿರಿಯರು, ಓದಿದ್ದು ನಾಲ್ಕನೇ ಇಯತ್ತೆ. ಕೆರೂರಿನಾಚೆ ಜೋಳ ಕೊಯ್ದ ಹೊಲದಲ್ಲಿ ರವಿವಾರ ಇಬ್ಬರೂ ಸೇರಿ ಹಾರಿಸುತ್ತಿದ್ದೆವು.

ನೇರ ಹಾರುವಾಗ ತೊಂದರೆಯಿರಲಿಲ್ಲ. ಹೊಟ್ಟೆಯೊಳಗೆ ಬುಗುರಿಯಂತೆ ತಿರುಗುವ ಗೈರೊ ಇತ್ತು. ರೆಕ್ಕೆ ವಾಲಿದರೆ ತಿಳಿದು ಸರಿಪಡಿಸುತ್ತಿತ್ತು. ಲಾಗ ಹಾಕಲು ಮೂತಿ ನೆಟ್ಟಗೆ ಮೇಲೆದ್ದ ಕೂಡಲೇ ಮಾತ್ರ ಅದಕ್ಕೆ ದಿಕ್ಕು ತಪ್ಪುತ್ತಿತ್ತು. ರೆಕ್ಕೆ ವಾಲದಿದ್ದರೂ ವಾಲಿದೆಯೆಂದು ತಿದ್ದಲು ಹೋಗಿ ವಿಮಾನವನ್ನು ತಿರುಚಿ ನೆಲಕ್ಕೆ ಕೆಡವುತ್ತಿತ್ತು.

ಮೊದಲ ಸಲ ಬಿದ್ದಾಗಲೇ ಸಾಹೇಬರು ಹೇಳಿದ್ದರು: "ಸರ, ಲಾಗಾ ಹಾಕೋ ಮುಂದ ಮ್ಯಾಲ ಯಾವುದು, ಕೆಳಗ ಯಾವುದು ಅಂತ ಅದಕ್ಕ ಕೇಳಬ್ಯಾಡ್ರಿ. ಪಕ್ಕಕ್ಕ ಎಷ್ಟು ಜೋರ ಹೊರಳಾಕತ್ತೈತಿ, ಅಷ್ಟ ಕೇಳ್ರಿ. ಗೈರೊಕ್ಕ ಸ್ಪ್ರಿಂಗ್ ಕಟ್ಟಿದ್ರ ಆತು, ಹೊರಳಿದ ಜೋರಿನಷ್ಟ ಅದು ಜಗ್ಗತೈತಿ."

"ಇದು ಗಡಿಯಾರ ಅಲ್ರಿ," ಎಂದುಬಿಟ್ಟೆ.

ಮೂರು ಬೇಸಿಗೆ ನನ್ನ ಲೆಕ್ಕಗಳನ್ನೇ ತಿದ್ದಿದೆ. ವಿಮಾನ ಇನ್ನೂ ಮೂರು ಸಲ ಮುರಿಯಿತು. ಪ್ರತಿ ಸಲವೂ ಸಾಹೇಬರು ಕೂಳೆಗಳ ನಡುವೆ ಬಗ್ಗಿ, ಚೂರುಗಳನ್ನು ಟವೆಲ್ಲಿನಲ್ಲಿ ಆರಿಸಿ ಕೊಡುತ್ತಿದ್ದರು. ಕೊನೆಯ ಸಲ ನನಗೆ ಸಿಟ್ಟೂ ಬರಲಿಲ್ಲ. ಬದುವಿನ ಮೇಲೆ ಕೂತವನಿಗೆ ಏಳಲಾಗಲಿಲ್ಲ.

"ಸ್ಪ್ರಿಂಗ್ ಅಂದಿದ್ರಲ್ಲ, ಹೆಂಗ ಕಟ್ಟೂದ್ರಿ ಅದನ್ನ?" ಎಂದೆ. "ಇಷ್ಟು ದಿನ ಯಾಕ ಸುಮ್ಮಿದ್ರಿ?"

ಅವರು ಪಕ್ಕದಲ್ಲಿ ಕೂತರು. "ಒಮ್ಮೆ ಹೇಳಿದ್ನೆಲ್ರಿ ಸರ. ಎರಡನೇ ಸಲ ಹೇಳಿದ್ರ ಜಗಳಾಗತೈತಿ. ಜಗಳಾಡೂವಷ್ಟು ತಾಕತ್ತು ನನಗೂ ಉಳಿದಿಲ್ಲ."

ಹಳೆಯ ಟೈಂಪೀಸೊಂದರ ಕೂದಲೆಳೆಯಂಥ ಸ್ಪ್ರಿಂಗನ್ನು ಅವರೇ ಕೂಡಿಸಿದರು. ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಗುಂಡಿ ಒತ್ತಿದೆ. ವಿಮಾನ ಏರಿತು, ತಲೆಕೆಳಗಾಯಿತು, ಸುತ್ತಿ ಬಂದು ನೆಟ್ಟಗಾಯಿತು. ಪಕ್ಕಕ್ಕೆ ಒಂದಿಷ್ಟೂ ಹೊರಳಲಿಲ್ಲ.

"ಇನ್ನೊಮ್ಮೆ ನೋಡೂನೇನ್ರಿ?" ಎಂದರು.

"ಬ್ಯಾಡ್ರಿ, ಸಾಕು."

ಸಂತೋಷ ಬಂದೀತೆಂದು ಕಾದೆ, ಬಂದದ್ದು ನಿದ್ದೆ. ಬಾಗಲಕೋಟೆ ಬಸ್ಸಿನಲ್ಲಿ ಅವರ ಹೆಗಲ ಮೇಲೆಯೇ ಮಲಗಿದ್ದೆನಂತೆ. ಕಾಲೇಜಿನ ಪ್ರದರ್ಶನದಲ್ಲಿ ಈ ಸ್ಪ್ರಿಂಗಿನ ಉಪಾಯ ಯಾರದೆಂದು ಒಬ್ಬರು ಕೇಳಿದರು. "ನಮ್ಮದು," ಎಂದೆ. ಇಳಕಲ್ಲಿನ ಸಾಹೇಬರದು ಎನ್ನಬೇಕಿತ್ತು.